ಪೈಪ್ ಅರ್ಧವೂ ತುಂಬಿಲ್ಲ, ಆದರೂ ಚೇಂಬರ್ ಉಕ್ಕುವುದು ಯಾಕೆ?

ಪ್ರಶ್ನೆ: ನಮ್ಮದು ಕಲಬುರಗಿಯ ಸೇಡಂ ರಸ್ತೆ ಕಡೆಯ ಬಡಾವಣೆ. 160 ಮನೆಗಳಿವೆ. ನಾನು ಸಂಘದ ಕಾರ್ಯದರ್ಶಿ. ಎಲ್ಲ ಮನೆಗಳ ಯುಜಿಡಿ (ಒಳಚರಂಡಿ) ನೀರು 8 ಇಂಚಿನ, ಅಂದರೆ 20 ಸೆಂಟಿಮೀಟರಿನ, ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನಲ್ಲಿ ಹೋಗುತ್ತದೆ. ನಕ್ಷೆಯಲ್ಲಿ ಇಳಿಜಾರು 200ಕ್ಕೆ 1, ಅಂದರೆ 200 ಮೀಟರಿಗೆ ಒಂದು ಮೀಟರ್ ಇಳಿತ, ಎಂದಿದೆ. ಪಕ್ಕದಲ್ಲಿ 90 ಮನೆಗಳ ಹೊಸ ಲೇಔಟ್ ಬಂದಿದೆ. ಅವರು ನಮ್ಮ ಲೈನಿಗೇ ಜೋಡಿಸಲು ಕೇಳುತ್ತಿದ್ದಾರೆ. ಹಾಗಾಗಿ ಬೆಳಿಗ್ಗೆ ಏಳೂವರೆಗೆ ಕೊನೆಯ ಎರಡು ಚೇಂಬರ್‌ಗಳ ಮುಚ್ಚಳ ತೆಗೆಸಿ ಕೋಲು ಇಳಿಸಿದೆವು. 9 ಸೆಂಟಿಮೀಟರ್ ನೀರಿತ್ತು. ಒಂದು ನಿಂಬೆಹಣ್ಣು ಬಿಟ್ಟೆವು. 30 ಮೀಟರ್ ದೂರದ ಚೇಂಬರ್‌ಗೆ ಬರಲು ಸರಿಯಾಗಿ ಎರಡು ನಿಮಿಷ ಹಿಡಿಯಿತು. ಹೊಸ ಲೇಔಟಿನ ಗುತ್ತಿಗೆದಾರರು, "20ರಲ್ಲಿ 9 ಅಂದರೆ 45 ಪರ್ಸೆಂಟ್, ಇನ್ನೂ 55 ಪರ್ಸೆಂಟ್ ಖಾಲಿ ಇದೆ" ಅನ್ನುತ್ತಾರೆ. ನಮ್ಮ ಗುತ್ತಿಗೆದಾರರು, "ಇದು ಸಾಲಲ್ಲ, 12 ಇಂಚು ಹಾಕಿಸಿ" ಅನ್ನುತ್ತಾರೆ. ಮಗಳು ಎಕ್ಸೆಲ್‌ನಲ್ಲಿ ಅಗಲ, ಆಳ, ವೇಗ ಮೂರನ್ನೂ ಗುಣಿಸಿ ಲೆಕ್ಕ ಹಾಕಿದ್ದಾಳೆ. ಅದು ಸರಿಯೇ? ಜೋರು ಮಳೆ ಬಂದಾಗ ಕೊನೆಯ ಮನೆಯ ಬಚ್ಚಲಿಗೆ ನೀರು ವಾಪಸ್ ಬರುತ್ತದೆ. ಆ ಮನೆಯ ಅಜ್ಜಿ ಸಭೆಯಲ್ಲಿ ಎದ್ದು ಕೇಳಿದರು: "ಪೈಪ್ ಅರ್ಧನೂ ತುಂಬಿಲ್ಲ ಅಂತೀರಿ. ಮತ್ತ ನಮ್ಮ ಬಚ್ಚಲಕ್ಕ ಯಾಕ ಬರ್ತದ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ: ಮೊದಲು ಒಂದು ಮಾತು. ಕೋಲು ಮತ್ತು ನಿಂಬೆಹಣ್ಣು ಎರಡನ್ನೂ ಬಳಸಿದಿರಲ್ಲ, ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಸಾಮಾನ್ಯವಾಗಿ ನನ್ನ ಹತ್ತಿರ ಬರುವವರು "ನೀರು ಸ್ವಲ್ಪ ನಿಧಾನ ಹೋಗ್ತದೆ ಸರ್" ಎಂದಷ್ಟೇ ಹೇಳುತ್ತಾರೆ. ನಿಧಾನ ಅಂದರೆ ಎಷ್ಟು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಯುಜಿಡಿ ಚೇಂಬರಿನಿಂದ ನಿಂಬೆಹಣ್ಣು ತೇಲಿ ಬಂದದ್ದನ್ನು ನೋಡಿ ಓಣಿಯವರು ಏನಂದುಕೊಂಡರೋ ಗೊತ್ತಿಲ್ಲ. ಮುಂದಿನ ಸಲ ಅಮಾವಾಸ್ಯೆ ದಿನ ಮಾತ್ರ ಬೇಡ.

ನಿಮ್ಮ ಗೊಂದಲದಲ್ಲಿ ಮೂರು ಪ್ರಶ್ನೆ ಬೆರೆತುಹೋಗಿವೆ. ಆಳ ಗೊತ್ತಿದ್ದರೆ ಎಷ್ಟು ನೀರು ಹರಿಯುತ್ತಿದೆ ಎಂದು ಹೇಳಬಹುದೇ? ಪೈಪಿನಲ್ಲಿ ಇನ್ನೆಷ್ಟು ಜಾಗ ಉಳಿದಿದೆ? ಮತ್ತು ಅಜ್ಜಿಯ ಪ್ರಶ್ನೆ. ಇವುಗಳಲ್ಲಿ ಅಜ್ಜಿಯದೇ ಗಟ್ಟಿ ಪ್ರಶ್ನೆ. ಆದರೆ ಅಲ್ಲಿಗೆ ಹೋಗಲು ಮೊದಲಿನ ಎರಡನ್ನು ದಾಟಬೇಕು.

"9 ಅಂದರೆ 45 ಪರ್ಸೆಂಟ್" ಎನ್ನುವ ಲೆಕ್ಕ ಚೌಕ ಡಬ್ಬಿಗೆ ಸರಿ. ಪೈಪ್ ದುಂಡಗಿದೆ. ಒಂದು ಜೋಳದ ರೊಟ್ಟಿಯನ್ನು ನಿಲ್ಲಿಸಿ ಹಿಡಿದುಕೊಂಡಿದ್ದೀರಿ ಎಂದುಕೊಳ್ಳಿ. ಕೆಳಗಿನಿಂದ ಕಾಲು ಭಾಗದ ಎತ್ತರಕ್ಕೆ ಅಡ್ಡ ಕತ್ತರಿಸಿದರೆ ಕಾಲು ರೊಟ್ಟಿ ಸಿಗುತ್ತದೆಯೇ? ಇಲ್ಲ, ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಸಿಗುತ್ತದೆ. ಹತ್ತನೇ ಒಂದು ಎತ್ತರಕ್ಕೆ ಕತ್ತರಿಸಿದರೆ ನೂರಕ್ಕೆ ಐದೇ ಪಾಲು. ತಳದ ಹತ್ತಿರ ದುಂಡು ಕಿರಿದಾಗಿರುತ್ತದೆ, ಅದಕ್ಕೇ ಹೀಗೆ.

ಇದು ಬರೀ ಜಾಗದ ಮಾತು. ಹರಿವು ಇನ್ನೂ ಬೇರೆ. ನೀರು ಕಡಿಮೆ ಇದ್ದಾಗ ಅದರಲ್ಲಿ ದೊಡ್ಡ ಪಾಲು ಪೈಪಿನ ಗೋಡೆಗೆ ಉಜ್ಜಿಕೊಂಡೇ ಸಾಗುತ್ತದೆ, ಹಾಗಾಗಿ ವೇಗವೂ ಇಳಿಯುತ್ತದೆ. ಜಾಗವೂ ಕಡಿಮೆ, ವೇಗವೂ ಕಡಿಮೆ. ಆಳ ಹತ್ತನೇ ಒಂದು ಇದ್ದಾಗ ಹರಿವು ತುಂಬಿದ ಪೈಪಿನ ನೂರಕ್ಕೆ 2 ಮಾತ್ರ. ಐದನೇ ಒಂದು ಇದ್ದಾಗ ಸುಮಾರು 9. ಕಾಲು ಭಾಗಕ್ಕೆ ಸುಮಾರು 14, 30 ಪರ್ಸೆಂಟ್ ಆಳಕ್ಕೆ ಸುಮಾರು 20. ಸರಿಯಾಗಿ ಅರ್ಧ ತುಂಬಿದಾಗ ಮಾತ್ರ ಹರಿವೂ ಅರ್ಧ. ಅರ್ಧಕ್ಕೆ ಅರ್ಧ ಹೊಂದಿಕೊಳ್ಳುವುದನ್ನು ನೋಡಿದವರು ಉಳಿದ ಕಡೆಯೂ ಹಾಗೇ ಇರುತ್ತದೆ ಎಂದುಕೊಳ್ಳುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ.

ಮೇಲಿನ ತುದಿಯಲ್ಲಿ ಇನ್ನೊಂದು ಸೋಜಿಗ ಇದೆ. ಪೈಪ್ ಪೂರ್ತಿ ತುಂಬಿದಾಗ ಅತಿ ಹೆಚ್ಚು ನೀರು ಹೋಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಹಾಗಲ್ಲ. ಸುಮಾರು 94 ಪರ್ಸೆಂಟ್ ಆಳದಲ್ಲಿ ಹರಿವು ತುಂಬಿದ ಪೈಪಿಗಿಂತ ಏಳೆಂಟು ಪರ್ಸೆಂಟ್ ಜಾಸ್ತಿ ಇರುತ್ತದೆ. ಕೊನೆಯ ಆ ಚೂರು ಜಾಗ ತುಂಬಿದಾಗ ನೀರಿಗೆ ಸಿಗುವ ಜಾಗ ತೀರಾ ಕಡಿಮೆ, ಉಜ್ಜುವ ಗೋಡೆ ಮಾತ್ರ ತುಂಬಾ. ಹಾಗೆಂದು 94ಕ್ಕೆ ಯಾರೂ ವಿನ್ಯಾಸ ಮಾಡುವುದಿಲ್ಲ. ಅಲ್ಲಿ ನೀರು ಒಂದು ಅಲೆ ಎದ್ದರೆ ಸಾಕು, ಮೇಲ್ಭಾಗ ಮುಟ್ಟಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ನಮ್ಮ ದೇಶದ ಒಳಚರಂಡಿ ಕೈಪಿಡಿ, ಮುಂದಿನ ವರ್ಷಗಳ ಅತಿ ಹೆಚ್ಚಿನ ಹರಿವಿಗೂ ಆಳ ವ್ಯಾಸದ 80 ಪರ್ಸೆಂಟ್ ದಾಟಬಾರದು ಎನ್ನುತ್ತದೆ. ಅಂದರೆ ಯುಜಿಡಿ ಪೈಪ್ ತುಂಬಿ ಹರಿಯಲು ಇರುವುದೇ ಅಲ್ಲ. ಖಾಲಿ ಕಾಣುವ ಮೇಲಿನ ಜಾಗ ಗಾಳಿಗೆ ಬಿಟ್ಟ ಜಾಗ, ಮಾರಾಟಕ್ಕಿರುವ ಸೈಟ್ ಅಲ್ಲ.

ಈಗ ನಿಮ್ಮ ಮಗಳ ಎಕ್ಸೆಲ್. ಮೂರನ್ನು ಗುಣಿಸುವ ಯೋಚನೆ ಸರಿ. ಆದರೆ ಅಗಲ 20, ಆಳ 9 ಎಂದು ಗುಣಿಸಿದರೆ 180 ಚದರ ಸೆಂಟಿಮೀಟರ್ ಬರುತ್ತದೆ. ನಿಜವಾದ ನೀರಿನ ಅಡ್ಡಕೊಯ್ತ 137. ಮೂರನೇ ಒಂದು ಭಾಗ ಜಾಸ್ತಿ ತೋರಿಸುತ್ತಿದೆ. ಆಳ ಕಡಿಮೆ ಆದಷ್ಟೂ ಈ ತಪ್ಪು ದೊಡ್ಡದಾಗುತ್ತದೆ.

ಸರಿಯಾದ ದಾರಿ ಹೀಗಿದೆ. ಪೈಪಿನ ನಡುಬಿಂದುವಿನಿಂದ ನೀರಿನ ಮೇಲ್ಮೈಯ ಎರಡು ತುದಿಗಳಿಗೆ ಎರಡು ಗೆರೆ ಎಳೆಯಿರಿ. ಆ ಗೆರೆಗಳ ನಡುವಿನ ಕೋನವೇ ಇಡೀ ಲೆಕ್ಕದ ಕೀಲಿಕೈ. ಆಳವನ್ನು ವ್ಯಾಸದಿಂದ ಭಾಗಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, 1ರಿಂದ ಕಳೆಯಿರಿ. ನಿಮ್ಮದರಲ್ಲಿ 9 ಭಾಗಿಸು 20, ಅಂದರೆ 0.45. ಎರಡು ಪಟ್ಟು 0.9. ಒಂದರಿಂದ ಕಳೆದರೆ 0.1. ಇದರ ಕಾಸ್ ಇನ್ವರ್ಸ್ ತೆಗೆದು ಎರಡು ಪಟ್ಟು ಮಾಡಿದರೆ 2.941 ರೇಡಿಯನ್. ಇದು ಆ ಕೋನ. ಕೋನದಿಂದ ಅದರ ಸೈನ್ ಕಳೆಯಿರಿ. 2.941ರಿಂದ 0.199 ಹೋದರೆ 2.742. ಇದನ್ನು ವ್ಯಾಸದ ವರ್ಗದಿಂದ, ಅಂದರೆ 400ರಿಂದ, ಗುಣಿಸಿ 8ರಿಂದ ಭಾಗಿಸಿದರೆ 137 ಚದರ ಸೆಂಟಿಮೀಟರ್. ಎಕ್ಸೆಲ್‌ನಲ್ಲಿ ಕೋನಗಳು ರೇಡಿಯನ್‌ನಲ್ಲೇ ಇರುತ್ತವೆ, ತೊಂದರೆ ಇಲ್ಲ. ಕ್ಯಾಲ್ಕುಲೇಟರ್ ಆದರೆ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಿಕೊಳ್ಳಿ. ನಾನು ನೋಡಿದ ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಬಟನ್‌ನಿಂದ ಬಂದವು.

ಇನ್ನೊಂದು ಸಣ್ಣ ಎಚ್ಚರಿಕೆ. ನಿಮ್ಮದು ಸ್ಟೋನ್‌ವೇರ್, ಹಾಗಾಗಿ 200 ಎಂಎಂ ಒಳಗಿನ ಅಳತೆಯೇ. ಪಿವಿಸಿ ಪೈಪ್ ಇದ್ದಿದ್ದರೆ ಅದರ ಮೇಲೆ ಬರೆದ 200 ಹೊರಗಿನ ಅಳತೆ. ಒಳಗೆ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಇರುತ್ತದೆ. ಲೆಕ್ಕಕ್ಕೆ ಒಳಗಿನದು ಬೇಕು.

ಈಗ ನಿಂಬೆಹಣ್ಣು. 30 ಮೀಟರಿಗೆ 120 ಸೆಕೆಂಡ್, ಅಂದರೆ ಸೆಕೆಂಡಿಗೆ 25 ಸೆಂಟಿಮೀಟರ್. ತೇಲುವ ವಸ್ತು ಮೇಲ್ಮೈಯ ವೇಗ ತೋರಿಸುತ್ತದೆ. ತಳದಲ್ಲಿ, ಬದಿಯಲ್ಲಿ ನೀರು ನಿಧಾನ. ಸರಾಸರಿಗೆ 0.85ರಿಂದ ಗುಣಿಸುವುದು ರೂಢಿ. ಸುಮಾರು 21 ಸೆಂಟಿಮೀಟರ್ ಬರುತ್ತದೆ. 137ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 2.9 ಲೀಟರ್.

ಇದು ನಂಬುವಂಥ ಸಂಖ್ಯೆಯೇ? ಇನ್ನೊಂದು ದಾರಿಯಿಂದ ಪರೀಕ್ಷೆ ಮಾಡೋಣ. 160 ಮನೆ, ಮನೆಗೆ 5 ಜನ, 800 ಜನ. ಕೈಪಿಡಿಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು. ಅದರಲ್ಲಿ 80 ಪರ್ಸೆಂಟ್ ಚರಂಡಿಗೆ ಬರುತ್ತದೆ. ಬೆಳಗಿನ ಗದ್ದಲದ ಹೊತ್ತಿಗೆ ಸರಾಸರಿಯ ಮೂರು ಪಟ್ಟು. ಗುಣಿಸಿ ನೋಡಿ, ಸೆಕೆಂಡಿಗೆ 3 ಲೀಟರ್. ನಿಮ್ಮ ಕೋಲು, ನಿಂಬೆಹಣ್ಣು 2.9 ಎಂದವು. ಇಷ್ಟು ಹತ್ತಿರ ಬರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ಬೆಳಿಗ್ಗೆ ಏಳೂವರೆಯ ಸಮಯ ಆರಿಸಿಕೊಂಡದ್ದು ಒಳ್ಳೆಯದಾಯಿತು.

ಹಾಗಾದರೆ ತೊಂದರೆ ಎಲ್ಲಿದೆ? ಇಳಿಜಾರಿನಲ್ಲಿ.

ಪೈಪಿನಲ್ಲಿ ನೀರಿನ ವೇಗ ಎಷ್ಟಿರಬೇಕು ಎಂದು ಹೇಳಲು ಮ್ಯಾನಿಂಗ್ ಸೂತ್ರ ಇದೆ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ್ದು. ಇವತ್ತಿಗೂ ಯುಜಿಡಿ ವಿನ್ಯಾಸ ನಡೆಯುವುದು ಅದರ ಮೇಲೇ. ಅದರಲ್ಲಿ ಮೂರೇ ಸಂಗತಿ: ಪೈಪ್ ಎಷ್ಟು ಒರಟು, ಇಳಿಜಾರು ಎಷ್ಟು, ನೀರು ಎಷ್ಟು ಗೋಡೆಗೆ ಉಜ್ಜುತ್ತಿದೆ. ಕೊನೆಯದಕ್ಕೆ ನೀರಿನ ಅಡ್ಡಕೊಯ್ತವನ್ನು ಒದ್ದೆಯಾದ ಗೋಡೆಯ ಉದ್ದದಿಂದ ಭಾಗಿಸುತ್ತಾರೆ. ನಿಮ್ಮಲ್ಲಿ ಒದ್ದೆ ಗೋಡೆ 29.4 ಸೆಂಟಿಮೀಟರ್, ಭಾಗಿಸಿದರೆ ಸುಮಾರು 4.7. ಒರಟುತನಕ್ಕೆ ಹಳೆಯ ಸ್ಟೋನ್‌ವೇರ್ ಎಂದು 0.013 ಹಿಡಿದಿದ್ದೇನೆ. ನಕ್ಷೆಯಲ್ಲಿರುವ 200ಕ್ಕೆ 1 ಇಳಿಜಾರು ನಿಜವಾಗಿದ್ದರೆ 9 ಸೆಂಟಿಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 9.7 ಲೀಟರ್ ಹರಿಯಬೇಕಿತ್ತು. ಅಷ್ಟು ನೀರು ಕೊಡಲು ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಬೇಕು. ನಿಮ್ಮಲ್ಲಿರುವುದು 800.

ಲೆಕ್ಕವನ್ನು ಹಿಂದುಮುಂದಾಗಿ ಮಾಡಿದರೆ, 3 ಲೀಟರ್ ನೀರು 9 ಸೆಂಟಿಮೀಟರ್ ಆಳದಲ್ಲಿ ಹೋಗಬೇಕಾದರೆ ಇಳಿಜಾರು ಹತ್ತಿರ ಹತ್ತಿರ 2000ಕ್ಕೆ 1 ಇರಬೇಕು. ಅಂದರೆ 30 ಮೀಟರಿಗೆ 15 ಸೆಂಟಿಮೀಟರ್ ಇಳಿಯಬೇಕಾದ ಪೈಪ್ ಒಂದೂವರೆ ಸೆಂಟಿಮೀಟರ್ ಮಾತ್ರ ಇಳಿದಿದೆ. ನೆಲಕ್ಕೆ ಹಾಸಿದ ಶಹಾಬಾದ್ ಫರ್ಸಿಗೂ ಇದಕ್ಕಿಂತ ಜಾಸ್ತಿ ವಾಟ ಕೊಟ್ಟಿರುತ್ತಾರೆ. ಬೆಳಗಿನ ಜೋರು ಹರಿವಿನಲ್ಲಿ ವೇಗ ಸೆಕೆಂಡಿಗೆ 60 ಸೆಂಟಿಮೀಟರ್ ಆದರೂ ಇರಬೇಕು. ಆಗ ಹೊಲಸು, ಮರಳು ಕೆಳಗೆ ಕೂರದೆ ಸಾಗುತ್ತವೆ. ನಿಮ್ಮಲ್ಲಿ 21 ಇದೆ. ನೀವು ಅಳೆದ 9 ಸೆಂಟಿಮೀಟರ್ ನೀರಿನ ಪ್ರಮಾಣ ಹೇಳುತ್ತಿಲ್ಲ, ನೀರಿನ ಸೋಮಾರಿತನ ಹೇಳುತ್ತಿದೆ.

ಇಳಿಜಾರು ಸರಿ ಇದ್ದಿದ್ದರೆ ಇದೇ ನೀರು ಎಷ್ಟು ಆಳದಲ್ಲಿ ಹೋಗುತ್ತಿತ್ತು? ಇಲ್ಲಿ ಒಂದು ಕಷ್ಟ ಇದೆ. ಆಳದಿಂದ ಹರಿವಿಗೆ ನೇರ ದಾರಿ ಇದೆ. ಹರಿವಿನಿಂದ ಆಳಕ್ಕೆ ನೇರ ಸೂತ್ರ ಇಲ್ಲ. ಆ ಕೋನ ಒಮ್ಮೆ ತಾನಾಗಿಯೇ ಬರುತ್ತದೆ, ಇನ್ನೊಮ್ಮೆ ಸೈನ್ ಒಳಗೆ ಬರುತ್ತದೆ. ಎರಡನ್ನೂ ಒಂದೇ ಕಡೆ ತರಲು ಆಗುವುದಿಲ್ಲ. ಗಣಿತ ಬಲ್ಲವರಿಗೂ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಊಹೆ ಮಾಡಿ, ಲೆಕ್ಕ ಹಾಕಿ, ತಿದ್ದಿಕೊಳ್ಳಬೇಕು. 6 ಸೆಂಟಿಮೀಟರ್ ಎಂದುಕೊಂಡರೆ 4.5 ಲೀಟರ್ ಬರುತ್ತದೆ, ಜಾಸ್ತಿಯಾಯಿತು. 4 ಅಂದರೆ 2 ಲೀಟರ್, ಕಡಿಮೆಯಾಯಿತು. 5 ಅಂದರೆ 3.2. ಅಲ್ಲಿಗೆ ಉತ್ತರ 4.9 ಸೆಂಟಿಮೀಟರ್. ಸಾಂಬಾರಿಗೆ ಉಪ್ಪು ನೋಡಿದ ಹಾಗೆ, ನಾಲ್ಕು ಸಲಕ್ಕೆ ಮುಗಿಯಿತು. ಎಕ್ಸೆಲ್‌ನಲ್ಲಿ ಗೋಲ್ ಸೀಕ್ ಎಂಬ ಸೌಲಭ್ಯ ಇದನ್ನೇ ಕಣ್ಣು ಮಿಟುಕಿಸುವುದರಲ್ಲಿ ಮಾಡುತ್ತದೆ. ಒಂದೇ ಎಚ್ಚರ: ಪೈಪ್ 80 ಪರ್ಸೆಂಟ್ ದಾಟಿದ ಮೇಲೆ ಒಂದೇ ಹರಿವಿಗೆ ಎರಡು ಆಳ ಸಿಗಬಹುದು. ಊಹೆಯನ್ನು ಯಾವಾಗಲೂ ಕೆಳಗಿನಿಂದ ಶುರು ಮಾಡಿ.

ಇಳಿಜಾರು ಎಲ್ಲಿ ಹೋಯಿತು? ಎರಡು ಅನುಮಾನಗಳಿವೆ. ಹಾಕುವಾಗಲೇ ಸರಿ ಹಾಕಿರಲಿಕ್ಕಿಲ್ಲ. ಗೌಂಡಿ ಕಣ್ಣಳತೆಯಲ್ಲಿ ಇಟ್ಟ ಪೈಪ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು ನಮ್ಮ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಪೈಪಿನ ಕೆಳಗೆ ಮರಳಿನದೋ ಮುರುಮಿನದೋ ಹಾಸು ಇಲ್ಲದೆ ನೇರ ಎರೆ ಮಣ್ಣಿನ ಮೇಲೆ ಇಟ್ಟರೆ, ವರ್ಷ ಕಳೆದಂತೆ ಒಂದು ಕಡೆ ಏಳುತ್ತದೆ, ಒಂದು ಕಡೆ ಕೂರುತ್ತದೆ. ತೊಗರಿಗೆ ಒಳ್ಳೆಯ ಮಣ್ಣು ಪೈಪಿಗೆ ಒಳ್ಳೆಯದಲ್ಲ. ಬೀದರಿನ ನೌಬಾದ್ ಕಡೆಯ ಕರೇಜ್ ನೋಡಿದ್ದೀರಲ್ಲ? 15ನೇ ಶತಮಾನದ ಬಹಮನಿ ಕಾಲದ ಸುರಂಗ ಕಾಲುವೆ. ಅಲ್ಲಿಯೂ ನೀರು ತುಂಬಿ ಹರಿಯುವುದಿಲ್ಲ. ಮೇಲೆ ಗಾಳಿ, ಕೆಳಗೆ ನೀರು, ಪಂಪ್ ಇಲ್ಲ, ಬರೀ ವಾಟ. ಅವರ ಹತ್ತಿರ ಮ್ಯಾನಿಂಗ್ ಸೂತ್ರ ಇರಲಿಲ್ಲ, ಆದರೆ ಕೊರೆದದ್ದು ಗಟ್ಟಿ ಜಂಬಿಟ್ಟಿಗೆಯಲ್ಲಿ.

ಆದರೆ ಇಳಿಜಾರನ್ನೇ ಕಳ್ಳ ಎಂದು ಹಿಡಿಯುವ ಮೊದಲು ಇನ್ನೊಂದು ಸಾಧ್ಯತೆ ತಳ್ಳಿಹಾಕಬೇಕು. ನಾನು ಹೇಳಿದ ಸೂತ್ರ ನೀರು ತಡೆಯಿಲ್ಲದೆ ಹರಿಯುವಾಗ ಮಾತ್ರ ಸರಿ. ಮುಂದೆ ಎಲ್ಲೋ ಕಟ್ಟಿಕೊಂಡಿದ್ದರೆ ನೀರು ಹಿಂದಕ್ಕೆ ನಿಂತು ಆಳ ಜಾಸ್ತಿ ತೋರಿಸುತ್ತದೆ. ಆಗ ಪೈಪಿನ ಇಳಿಜಾರು ಚೆನ್ನಾಗಿಯೇ ಇದ್ದೀತು. ಇದನ್ನು ಕಂಡುಹಿಡಿಯುವುದು ಸುಲಭ. ಬೆಳಿಗ್ಗೆ ಒಂದೇ ಹೊತ್ತಿಗೆ ಐದಾರು ಚೇಂಬರ್‌ಗಳಲ್ಲಿ ಅಳೆಯಿರಿ. ಕೆಳಗೆ ಹೋದಂತೆ ಆಳ ಏರುತ್ತಾ ಹೋದರೆ ಮುಂದೆ ಅಡ್ಡಿ ಇದೆ. ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಆಳ ಇದ್ದರೆ ಇಡೀ ಲೈನ್ ಚಪ್ಪಟೆ. ನಡುವಿನ ಎರಡು ಚೇಂಬರ್‌ಗಳಲ್ಲಿ ಮಾತ್ರ ಜಾಸ್ತಿ ಇದ್ದರೆ ಅಲ್ಲಿ ಪೈಪ್ ಕೆಳಕ್ಕೆ ಕುಸಿದು ಹೊಟ್ಟೆ ಬಿಟ್ಟಿದೆ.

ಇನ್ನೊಂದು ಪರೀಕ್ಷೆ ರಾತ್ರಿ ಮೂರು ಗಂಟೆಗೆ. ನಿದ್ದೆ ಕೆಡುತ್ತದೆ, ಆದರೆ ಇದಕ್ಕಿಂತ ಒಳ್ಳೆಯದಿಲ್ಲ. ಆಗ ಯಾರೂ ನೀರು ಬಳಸುವುದಿಲ್ಲ. ಪೈಪಿನ ತಳದಲ್ಲಿ ಒಂದು ಸಣ್ಣ ಎಳೆ ಮಾತ್ರ ಹರಿಯಬೇಕು. ಆಗಲೂ ಐದಾರು ಸೆಂಟಿಮೀಟರ್ ನೀರು ಸುಮ್ನೆ ನಿಂತಿದ್ದರೆ ಅದು ಹರಿವಲ್ಲ, ಕೆರೆ. ಅದಕ್ಕೆ ಹೊಟ್ಟೆಬಿಟ್ಟ ಪೈಪ್ ಅಥವಾ ಅಡ್ಡಿ ಕಾರಣ. ಕೋಲನ್ನು ಚೇಂಬರಿನ ನಡುವೆ ಇಳಿಸಬೇಡಿ, ಪೈಪಿನ ಬಾಯಿಯಲ್ಲೇ ಅಳೆಯಿರಿ. ಕೋಲಿನ ತುದಿ ಮೆತ್ತಗೆ ಹೂತುಕೊಂಡರೆ ಕೆಳಗೆ ಹೂಳಿದೆ. ಎಷ್ಟು ಹೂತಿತೋ ಅದನ್ನು ಬೇರೆಯಾಗಿ ಬರೆದುಕೊಳ್ಳಿ. 9ರಲ್ಲಿ 2 ಸೆಂಟಿಮೀಟರ್ ಹೂಳಾದರೆ, 2 ಸೆಂಟಿಮೀಟರಿನ ಅಡ್ಡಕೊಯ್ತ ಸುಮಾರು 16 ಚದರ ಸೆಂಟಿಮೀಟರ್. 137ರಿಂದ ಅದನ್ನು ಕಳೆಯಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಳತೆ ಎಲ್ಲ ಮೇಲಿನಿಂದಲೇ ಆಗಬೇಕು. ಕೋಲು ಬಿತ್ತು, ಮೊಬೈಲ್ ಬಿತ್ತು ಎಂದು ಯಾರನ್ನೂ ಚೇಂಬರಿನೊಳಗೆ ಇಳಿಸಬೇಡಿ. ನಿಧಾನ ಹರಿಯುವ ಲೈನಿನಲ್ಲಿ ವಿಷಗಾಳಿ ಜಾಸ್ತಿ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗಾಳಿ ದಟ್ಟವಾದರೆ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದು ಅಪರಾಧ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬಿಡಿ, ಮುಖ ಬಗ್ಗಿಸಬೇಡಿ, ಹತ್ತಿರ ಬೀಡಿ ಹಚ್ಚಬೇಡಿ.

ಈಗ ಅಜ್ಜಿಯ ಪ್ರಶ್ನೆ. ಒಣ ದಿನ 9 ಸೆಂಟಿಮೀಟರ್ ಇರುವ ಪೈಪ್ ಮಳೆಯಲ್ಲಿ ಯಾಕೆ ಉಕ್ಕುತ್ತದೆ? ಮಾಳಿಗೆಯ ನೀರಿನಿಂದ. ಕೆಲವು ಮನೆಯವರು ಮಾಳಿಗೆಯ ಪೈಪನ್ನು ಯುಜಿಡಿ ಚೇಂಬರಿಗೇ ಬಿಟ್ಟಿರುತ್ತಾರೆ. ಅಂಗಳ ಒದ್ದೆಯಾಗಬಾರದಲ್ಲ! ಹಾಗೆ ಮಾಡಿರುವುದು 160ರಲ್ಲಿ 20 ಮನೆ ಎಂದಿಟ್ಟುಕೊಳ್ಳಿ. ಒಂದೊಂದು ಮಾಳಿಗೆ 100 ಚದರ ಮೀಟರ್. ಗಂಟೆಗೆ 30 ಮಿಲಿಮೀಟರ್ ರಭಸದಲ್ಲಿ ಮಳೆ ಬಂದರೆ ಆ 20 ಮಾಳಿಗೆಗಳಿಂದಲೇ ಸೆಕೆಂಡಿಗೆ 16 ಲೀಟರಿಗೂ ಹೆಚ್ಚು ನೀರು. 160 ಮನೆಗಳ ಬೆಳಗಿನ ಗದ್ದಲದ ನೀರೆಲ್ಲ ಸೇರಿದರೂ 3 ಲೀಟರ್. 20 ಮಾಳಿಗೆ ಅದರ ಐದು ಪಟ್ಟು! ನಿಮ್ಮ ಪೈಪ್ ಈಗಿರುವ ಇಳಿಜಾರಿನಲ್ಲಿ ತುಂಬಿ ಹರಿದರೂ ಏಳೂ ಚಿಲ್ಲರೆ ಲೀಟರ್ ಒಯ್ಯುತ್ತದೆ, ಅಷ್ಟೇ. ಉಳಿದದ್ದು ಚೇಂಬರಿನಲ್ಲಿ ಏರುತ್ತದೆ. ತಗ್ಗಿನಲ್ಲಿರುವ ಬಚ್ಚಲು ಸಿಕ್ಕಿದರೆ ಅಲ್ಲಿಂದ ಹೊರಗೆ ಬರುತ್ತದೆ. ಅಜ್ಜಿಯ ಮನೆ ಬಹುಶಃ ಓಣಿಯಲ್ಲೇ ತಗ್ಗಿನದು.

200ಕ್ಕೆ 1 ಇಳಿಜಾರು ಸರಿ ಇದ್ದಿದ್ದರೆ ಇದೇ ಪೈಪ್ 23 ಲೀಟರ್ ಒಯ್ಯುತ್ತಿತ್ತು. ಅಂಥ ಮಳೆಯನ್ನೂ ಹೇಗೋ ತಡೆದುಕೊಳ್ಳುತ್ತಿತ್ತು. ಎರಡು ತಪ್ಪು ಸೇರಿ ಬಚ್ಚಲಿಗೆ ಬಂದಿವೆ.

ಮುಂದೆ ಏನು ಮಾಡಬಹುದು? 12 ಇಂಚಿನ ಸಲಹೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದಕ್ಕೇ ಹೆಚ್ಚು ದುಡ್ಡು ಹೋಗುತ್ತದೆ. ಈಗಿರುವ 2000ಕ್ಕೆ 1 ಇಳಿಜಾರಿನಲ್ಲೇ 12 ಇಂಚು ಹಾಕಿದರೆ ನೀರಿನ ಆಳ 9ರಿಂದ ಏಳೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ವೇಗ? ಮೊದಲಿನಷ್ಟೇ, ಸೆಕೆಂಡಿಗೆ 21 ಸೆಂಟಿಮೀಟರ್. ಹೂಳು ಈಗಿನಂತೆಯೇ ಕೂರುತ್ತದೆ, ಇನ್ನೂ ಅಗಲವಾದ ತಳದಲ್ಲಿ ಕೂರುತ್ತದೆ. ಮಳೆಗೆ ಸ್ವಲ್ಪ ಜಾಗ ಸಿಗುತ್ತದೆ ಎನ್ನುವುದು ನಿಜ. ಆದರೆ ಅಷ್ಟಕ್ಕೆ ಇಡೀ ರಸ್ತೆ ಅಗೆಯುವುದೇ? ದೊಡ್ಡ ಪೈಪನ್ನು ಕಡಿಮೆ ಇಳಿಜಾರಿನಲ್ಲಿ ಹಾಕಬಹುದು ಎಂಬ ಮಾತು ಪುಸ್ತಕದಲ್ಲಿದೆ. ಅದು ದೊಡ್ಡ ಪೈಪಿಗೆ ತಕ್ಕ ನೀರು ಇದ್ದಾಗ ಮಾತ್ರ. ಗುತ್ತಿಗೆದಾರರು ಈ ಎರಡನೇ ವಾಕ್ಯ ಬಿಟ್ಟು ಹೇಳುತ್ತಾರೆ.

ನಾನಾದರೆ ಶುರು ಮಾಡುವುದು ಎರಡು ಅಗ್ಗದ ಕೆಲಸಗಳಿಂದ. ಒತ್ತಡದ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರ ತರಿಸಿ ಲೈನ್ ತೊಳೆಸಿ, ಮರುದಿನವೇ ಮತ್ತೆ ಕೋಲು, ನಿಂಬೆಹಣ್ಣು. ಆಳ 5ರ ಹತ್ತಿರಕ್ಕೆ ಇಳಿದರೆ ಹೂಳೇ ಕಾರಣವಾಗಿತ್ತು, ಬದುಕಿದಿರಿ. ಮತ್ತೆ 9 ಬಂದರೆ ಇಳಿಜಾರು ಸತ್ತಿದೆ. ಹಳೆಯ ಸ್ಟೋನ್‌ವೇರ್ ಜಾಯಿಂಟ್‌ಗಳು ಜೋರು ಒತ್ತಡ ತಡೆಯುವುದಿಲ್ಲ, ಯಂತ್ರದವರಿಗೆ ಮೊದಲೇ ಹೇಳಿ. ಜೊತೆಗೆ ಮಾಳಿಗೆ ಪೈಪ್‌ಗಳನ್ನು ಹುಡುಕಿ ರಸ್ತೆ ಬದಿಯ ಮಳೆ ಚರಂಡಿಗೋ ಇಂಗುಗುಂಡಿಗೋ ತಿರುಗಿಸಿ. ಇದರಲ್ಲಿ ದುಡ್ಡು ಕಡಿಮೆ, ಜಗಳ ಜಾಸ್ತಿ. ಚೇಂಬರ್ ಮೇಲೆ ಫರ್ಸಿ ಮುಚ್ಚಿ ತುಳಸಿ ಕಟ್ಟೆ ಕಟ್ಟಿದವರೂ ಇರುತ್ತಾರೆ. ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಮನೆ ಮನೆಗೆ ಹೋಗಿ, ಕೆಲಸ ಬೇಗ ಆಗುತ್ತದೆ.

ಇಳಿಜಾರೇ ಸತ್ತಿದೆ ಎಂದಾದರೆ ಲೆವೆಲ್ ಯಂತ್ರ ಇಟ್ಟು ಪ್ರತಿ ಚೇಂಬರಿನಲ್ಲಿ ಪೈಪ್ ತಳದ ಮಟ್ಟ ತೆಗೆಸಿ. ಒಂದು ದಿನದ ಕೆಲಸ. ಹೊಟ್ಟೆಬಿಟ್ಟ ಎರಡು ಮೂರು ಚೇಂಬರಿನಷ್ಟು ಉದ್ದವನ್ನು ಮಾತ್ರ ಅಗೆದು, ಮುರುಮಿನ ಹಾಸಿನ ಮೇಲೆ ಅದೇ 8 ಇಂಚಿನ ಪೈಪನ್ನು ಮತ್ತೆ ಇಡಿಸಿದರೆ ಹೆಚ್ಚಿನ ಕಡೆ ಸಾಕಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಮುಟ್ಟಬೇಡಿ. ಎರೆ ಮಣ್ಣಿನ ಗುಂಡಿಯ ಬದಿ ಒದ್ದೆಯಾದರೆ ಹೇಳದೆ ಕೇಳದೆ ಕುಸಿಯುತ್ತದೆ, ಕೆಲಸದವರ ಜೀವದ ಪ್ರಶ್ನೆ. ಒಂದು ಅಪಾಯ ಉಳಿಯುತ್ತದೆ: ಮುಂದಿನ ದೊಡ್ಡ ಲೈನ್ ಸೇರುವ ಜಾಗದ ಮಟ್ಟವೇ ಎತ್ತರದಲ್ಲಿದ್ದರೆ ಇಳಿಸಲು ಇಳಿಜಾರೇ ಸಿಗುವುದಿಲ್ಲ. ಆಗ ಸಂಪ್ ಕಟ್ಟಿ ಪಂಪ್ ಇಡುವುದೊಂದೇ ದಾರಿ. ಕರೆಂಟ್ ಬಿಲ್, ರಿಪೇರಿ, ರಾತ್ರಿ ಕರೆಂಟ್ ಹೋದರೆ ಜನರೇಟರ್, ಎಲ್ಲ ಸಂಘದ ತಲೆ ಮೇಲೆ. ಮಟ್ಟ ತೆಗೆಯದೆ ಆ ಕಡೆ ಹೋಗಬೇಡಿ.

ಪಕ್ಕದ 90 ಮನೆಗಳ ವಿಚಾರದಲ್ಲಿ ನನ್ನ ಉತ್ತರ ನಿಮಗೆ ವಿಚಿತ್ರ ಅನ್ನಿಸಬಹುದು. ಈಗ ಜೋಡಿಸಿದರೆ ಒಣ ದಿನವೂ ಆಳ ಸುಮಾರು 12 ಸೆಂಟಿಮೀಟರಿಗೆ ಏರುತ್ತದೆ. ಉಕ್ಕುವುದಿಲ್ಲ, ಆದರೆ ಮಳೆಗೆ ಉಳಿಯುವ ಜಾಗ ಇನ್ನೂ ಕಡಿಮೆ. ಬೇಡ ಎನ್ನಿ. ಇಳಿಜಾರು 200ಕ್ಕೆ 1 ಸರಿಯಾದ ಮೇಲೆ ಜೋಡಿಸಿದರೆ? 250 ಮನೆಗೂ ಆಳ 6 ಸೆಂಟಿಮೀಟರ್ ಮಾತ್ರ. ಆ ಇಳಿಜಾರಿನಲ್ಲಿ ನಿಮ್ಮ 160 ಮನೆ ನೀರಿಗಷ್ಟೇ ಸೆಕೆಂಡಿಗೆ 51 ಸೆಂಟಿಮೀಟರ್ ಇರುವ ವೇಗ 58ಕ್ಕೆ ಏರುತ್ತದೆ, 60ರ ಹತ್ತಿರ. ಅಂದರೆ ಅವರ ನೀರು ಬಂದರೆ ನಿಮ್ಮ ಪೈಪ್ ಇನ್ನೂ ಚೆನ್ನಾಗಿ ತೊಳೆದುಕೊಳ್ಳುತ್ತದೆ. ಹಾಗಾಗಿ ಅವರನ್ನು ಓಡಿಸಬೇಡಿ. ಪೈಪ್ ಮತ್ತೆ ಇಡಿಸುವ ಖರ್ಚಿನಲ್ಲಿ ಅವರ ಪಾಲು ಕೇಳಿ. ಮಾಳಿಗೆ ನೀರು ಒಂದು ಹನಿಯೂ ಬರಬಾರದು ಎಂದು ಬರೆಸಿಕೊಳ್ಳಿ. ಯುಜಿಡಿ ನೋಡಿಕೊಳ್ಳುವ ಕಚೇರಿಯ ಅನುಮತಿ ಅವರೇ ತರಲಿ.

ರಾತ್ರಿ ಮೂರು ಗಂಟೆಯ ಅಳತೆಯನ್ನು ಚೇಂಬರ್ ನಂಬರ್ ಸಮೇತ ಬರೆದಿಟ್ಟುಕೊಳ್ಳಿ. ಲೆವೆಲ್ ತೆಗೆಯಲು ಬರುವ ಎಂಜಿನಿಯರ್ ಕೇಳುವ ಮೊದಲ ಕಾಗದ ಅದೇ. ಮಗಳಿಗೆ ಹೇಳಿ, ಎಕ್ಸೆಲ್‌ನಲ್ಲಿ ಅಗಲದ ಕಾಲಂ ತೆಗೆದು ಅಲ್ಲಿ ಕೋನ ಹಾಕಿದರೆ ಸಾಕು, ಉಳಿದದ್ದು ಸರಿ ಇದೆ.